ಹನ್ನೊಂದನೇ ಟೇಕು

ಹಗಲೆಲ್ಲ ರೀಲಿಂಗ್ ಮನೆಗಳ ಸುಟ್ಟ ಮೋಟರಿಗೆ
ತಂತಿ ಸುತ್ತುವ ಕೈ ಇದು.
ರಾತ್ರಿ ಒಂಬತ್ತೂವರೆಗೆ ಅದೇ ಮೇಜಿನ ಮೇಲಿನ
ತಾಮ್ರದ ಚೂರು ಹಳೇ ಬನಿಯನ್ನಿನಲ್ಲಿ ಒರೆಸಿ
ಬಿಳಿ ಹಾಳೆ ಹಾಸುತ್ತೇನೆ.
ಡ್ರಿಪ್ ಪೈಪು ಬಗ್ಗಿಸಿ ಮಾಡಿದ ಕೊಕ್ಕರೆ ಕುತ್ತಿಗೆಗೆ
ಗಾಜೊಡೆದ ಫೋನು, ರಬ್ಬರ್ ಬ್ಯಾಂಡಿನಲ್ಲಿ ಬಿಗಿದದ್ದು,
ಕಣ್ಣು ಕೆಳಗೆ ಮಾಡಿ ತೂಗುತ್ತದೆ.
ಲೈಟು ರಾಚದ ಹಾಗೆ ಅಡ್ಡಕ್ಕೆ
ಗೂಡು ಬಿಡಿಸಿ ಬಿಸಾಕಿದ ಮುರುಕು ಚಂದ್ರಿಕೆ,
ಅದಕ್ಕೆ ಅಂಟಿಸಿದ ಬಟರ್ ಪೇಪರು.
ಇಷ್ಟೇ ನನ್ನ ಸ್ಟುಡಿಯೊ. ಶಿಡ್ಲಘಟ್ಟದಲ್ಲಿ
ಇದಕ್ಕಿಂತ ಅಗ್ಗದ್ದು ಇದ್ದರೆ ಹೇಳಿ,
ಬಂದು ನೋಡಿ ಕಲಿಯುತ್ತೇನೆ.

ಇವತ್ತಿನ ಪರೀಕ್ಷೆಗೆ
ರಿಯಾಜ್ ಪಾಷಾ ಕೆಜಿ ಲೆಕ್ಕದಲ್ಲಿ ತೂಗಿಕೊಟ್ಟ
ಗುಜರಿ ಬೋರ್ಡಿನಿಂದ ಕಿತ್ತ ಕೆಪಾಸಿಟರು,
ಎಂಟು ಕಾಲಿನ ಟೈಮರು, ಆರೂವರೆ ರೂಪಾಯಿಯದು,
ಒಂದು ಕೆಂಪು ಎಲ್‌ಇಡಿ.
ಏನು ಮಾಡುತ್ತೆ? ಮಿಣುಕುತ್ತೆ.
ಆಮೇಲೆ?
ಆಮೇಲೂ ಮಿಣುಕುತ್ತೆ.

ಮೊದಲ ಟೇಕಿನಲ್ಲಿ ಮಿಣುಕಲಿಲ್ಲ.
ಎರಡರಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲು.
ನಾಲ್ಕರಲ್ಲಿ ಕರೆಂಟು ಹೋಯಿತು.
ಐದನೆಯದು ಬಹಳ ಚೆನ್ನಾಗಿ ಬಂತು, ರೆಕಾರ್ಡ್ ಒತ್ತಿರಲಿಲ್ಲ.
ಏಳರಲ್ಲಿ, ಹದಿನಾರು ವೋಲ್ಟು ಅಂತ ಮೈಮೇಲೆ ಬರೆದುಕೊಂಡಿದ್ದ ಕೆಪಾಸಿಟರು
ಹನ್ನೆರಡಕ್ಕೇ ಪಟ್ಟಂತ

ಅದನ್ನು ಆಮೇಲೆ ಒಂದೊಂದೇ ಫ್ರೇಮು ಸರಿಸಿ ನೋಡಿದೆ.
ಈ ಫ್ರೇಮಿನಲ್ಲಿ ನೆತ್ತಿ ನುಣ್ಣಗಿದೆ.
ಮುಂದಿನದರಲ್ಲಿ ಹೊಗೆ, ಬಿರಿದ ತಗಡು,
ನನ್ನ ಹೆಬ್ಬೆರಳು ಆಗಲೇ ದೂರ.
ಸಿಡಿದದ್ದು ಮಾತ್ರ ಎಲ್ಲೂ ಇಲ್ಲ.
ಸೆಕೆಂಡಿಗೆ ಮೂವತ್ತು ಸಲ ಕಣ್ಣು ಬಿಡುವ ಫೋನು
ಸರಿಯಾಗಿ ಆಗಲೇ ರೆಪ್ಪೆ ಬಡಿದಿತ್ತು.
ಆ ಎರಡರ ನಡುವೆ ಹಿಂದೆ ಮುಂದೆ, ಹಿಂದೆ ಮುಂದೆ
ಎಷ್ಟು ಹೊತ್ತು ಓಡಾಡಿದೆನೋ,
ಟೀ ಮೇಲೆ ಕೆನೆ ಕಟ್ಟಿತ್ತು.

ಸಾಫ್ಟ್‌ವೇರು ಪುಕ್ಕಟೆಯದು. ಮೂಲೆಯಲ್ಲಿ ಅದರ ಹೆಸರು,
ಮದುವೆ ಉಡುಗೊರೆಯ ಬಿಂದಿಗೆ ಮೇಲೆ ಕೊಟ್ಟವರ ಹೆಸರಿನ ಹಾಗೆ,
ಎಷ್ಟು ಉಜ್ಜಿದರೂ ಹೋಗದು.
ಪಕ್ಕದ ಮೆಷಿನ್ನಿನ ಗುಂಯ್ ಸದ್ದು ತೆಗೆಯಹೋದರೆ
ನನ್ನ ದನಿಯೂ ಸವೆದು
ಹಂಡೆಯೊಳಗಿಂದ ಮಾತಾಡಿದ ಹಾಗೆ.
ಇರಲಿ ಅಂತ ಸದ್ದನ್ನು ವಾಪಸು ಕರೆದೆ.
ಬೆಂದ ಹುಳದ ವಾಸನೆಗೆ ಪುಣ್ಯಕ್ಕೆ ಟ್ರ್ಯಾಕ್ ಇಲ್ಲ.
ಒಂದರ ನಮಸ್ಕಾರ, ಮೂರರ ವಿವರಣೆ, ಎಂಟರ ಬೆರಳು,
ಹನ್ನೊಂದರ ದೀಪ.
ನಾಲ್ಕೇ ನಿಮಿಷ. ಮೊದಲ ಸಲಕ್ಕೇ ಹತ್ತಿಕೊಂಡಿತು,
ನೋಡಿದವರು ಹಾಗೆ ಅಂದುಕೊಳ್ಳಲಿ.

ಬೆಳಿಗ್ಗೆ ಶಮೀಮುನ್ನೀಸಾ ಬಂದದ್ದು ಮೋಟರು ಒಯ್ಯಲಿಕ್ಕೆ.
ಕುದಿನೀರಿನಲ್ಲಿ ಕಾಣದ ಎಳೆಯ ತುದಿ ಹುಡುಕಿ ಹುಡುಕಿ
ಬೆಳ್ಳಗೆ ಸುಕ್ಕಿದ ಬೆರಳು. ಫೋನನ್ನು ದೂರ ಹಿಡಿದು
ಪೂರ್ತಿ ನೋಡಿದರು.
"ಇಲ್ಲೊಂದು ಗಂಟು ಹಾಕಿದೀಯ" ಅಂದರು.
"ಇಲ್ಲೊಂದು. ಇಲ್ಲೂ."
ಹೇಗೆ ಗೊತ್ತಾಯಿತು?
ಬೆರಳು ಹಾಳೆಯ ಆಚೆ, ಅಂಚಿಗೆ ಹೋಯಿತು. ಸೊಳ್ಳೆಬತ್ತಿ.
ಉದ್ದ ಇದ್ದದ್ದು ಗಿಡ್ಡ ಆಗಿತ್ತು,
ಗಿಡ್ಡ ಆದದ್ದು ಮತ್ತೆ ಉದ್ದ.
"ಸುಟ್ಟದ್ದು ಬೆಳೆಯುತ್ತೇನಪ್ಪ?"
ನನ್ನ ಬಾಯಿಗೆ ಮಾತು ಬರಲಿಲ್ಲ.
"ಎಷ್ಟು ಸಲ ಹರೀತು?"
ಹತ್ತು, ಅಂದೆ.
"ಹತ್ತೇನಾ" ಅಂದು
ಮೋಟರನ್ನು ಸೊಂಟಕ್ಕೇರಿಸಿ ಹೊರಟೇಬಿಟ್ಟರು.

ಅಂಚು ಒಂದಿಷ್ಟು ಕತ್ತರಿಸಿದರೆ ಬತ್ತಿ ಮಾಯ,
ಎರಡು ಕ್ಲಿಕ್ಕಿನ ಕೆಲಸ.
ಕತ್ತರಿ ಅಲ್ಲಿವರೆಗೆ ಹೋಗಿ ವಾಪಸು ಬಂತು.
ಏಳನೆಯದರ ಆ ಎರಡು ಫ್ರೇಮು ತಂದು
ಮಾತಿಲ್ಲದೆ ನಡುವೆ ಕೂರಿಸಿದೆ.
ರೆಪ್ಪೆ ಬಡಿದರೆ ತಪ್ಪಿಹೋಗುತ್ತದೆ.

ಈಗ ರಾತ್ರಿ. ಅರವತ್ತೆರಡು ಪರ್ಸೆಂಟಿನಲ್ಲಿ ನಿಂತು
ಯೋಚಿಸುತ್ತಿದೆ ಕಂಪ್ಯೂಟರು.
ನಾಳೆಯದಕ್ಕೆ ಹಾಳೆ ಹಾಸಿ,
ಹೊಸ ಬತ್ತಿ ಹಚ್ಚಲೋ ಬೇಡವೋ ತಿಳಿಯದೆ
ಸೊಳ್ಳೆ ಕಚ್ಚಿಸಿಕೊಳ್ಳುತ್ತ ಕೂತಿದ್ದೇನೆ.